ಎರಡೂ 35 ಪೌಂಡ್ ಬಿಲ್ಲೇ, ಲಾಂಗ್‌ಬೋ ಹಿಡಿದರೆ ಮಾತ್ರ ಕೈ ಯಾಕೆ ನೋಯುತ್ತದೆ?

ಪ್ರಶ್ನೆ: ನಾನು ತುಮಕೂರಿನವನು. ಒಂದು ವರ್ಷ ಮರದ ರಿಕರ್ವ್ ಬಿಲ್ಲಿನಲ್ಲಿ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ಅಭ್ಯಾಸ ಮಾಡಿದೆ, ಏನೂ ತೊಂದರೆ ಇರಲಿಲ್ಲ. ಲಾಂಗ್‌ಬೋ (ತುದಿ ಹಾಗೆ ಬಾಗದ ಸರಳ ಬಿಲ್ಲು) ತೆಗೆದುಕೊಂಡು ಎರಡು ತಿಂಗಳಾಯಿತು. ಈಗ ಎಡ ಮೊಣಕೈಯ ಹೊರಬದಿ ನೋಯುತ್ತಿದೆ. ಎರಡು ಬಿಲ್ಲಿನ ಮೇಲೂ ಎಳೆಯುವ ಭಾರ 35 ಪೌಂಡ್ ಅಂತಲೇ ಬರೆದಿದೆ. ಮತ್ತೆ ಯಾಕೆ ಹೀಗೆ?

ಉತ್ತರ: ನೋಯುತ್ತಿರುವುದು ಹೆದೆ ಎಳೆಯುವ ಕೈಯಲ್ಲ, ಬಿಲ್ಲು ಹಿಡಿದ ಕೈ. ಬಿಲ್ಲು ಎಳೆಯಲು ಬರೀ ಭಾರ ಆಗಿದ್ದರೆ ಸಾಮಾನ್ಯವಾಗಿ ಭುಜವೋ ಎಳೆಯುವ ಕೈಯೋ ಮೊದಲು ನೋಯುತ್ತದೆ. ಹಾಗಾಗಿ ನನಗೆ ಅನುಮಾನ ಇರುವುದು ನಿಮ್ಮ ಹಿಡಿತದ ಮೇಲೆ.

ರಿಕರ್ವ್ ಬಿಲ್ಲಿನ ಹಿಡಿಯನ್ನು ಅಂಗೈಗೆ ಹೊಂದುವ ಹಾಗೆ ಕೆತ್ತಿರುತ್ತಾರೆ. ಕೈ ತಾನಾಗಿಯೇ ಜಾಗ ಹುಡುಕಿಕೊಳ್ಳುತ್ತದೆ. ಲಾಂಗ್‌ಬೋ ಹಿಡಿ ಹೆಚ್ಚುಕಮ್ಮಿ ನೇರವಾದ ಕೋಲು, ಮೇಲೊಂದು ಚರ್ಮದ ಸುತ್ತು. ಅದು ಜಾರೀತು ಅಂತ ನಾವು ಗುದ್ದಲಿ ಕಾವು ಹಿಡಿದ ಹಾಗೆ ಬಿಗಿಯಾಗಿ ಹಿಡಿಯುತ್ತೇವೆ. ಮುಷ್ಟಿ ಬಿಗಿದಾಗ ಮಣಿಕಟ್ಟನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳೂ ಬಿಗಿಯುತ್ತವೆ. ಅವುಗಳ ಬುಡ ಇರುವುದು ಮೊಣಕೈಯ ಹೊರಗಿನ ಮೂಳೆಯಲ್ಲಿ. ನಿಮಗೆ ನೋಯುವುದೂ ಅಲ್ಲೇ ಅಲ್ವಾ? ಇದಕ್ಕೆ ಟೆನಿಸ್ ಎಲ್ಬೋ ಅನ್ನುತ್ತಾರೆ. ಟೆನಿಸ್ ಆಡದವರಿಗೂ ಬರುತ್ತದೆ.

ತುಮಕೂರಿನ ಹತ್ತಿರದ ನಾಮದ ಚಿಲುಮೆಯಲ್ಲಿ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಕಥೆ ಕೇಳಿಯೇ ನಮ್ಮ ಕಡೆಯವರು ಬೆಳೆಯುವುದು. ಬಿಲ್ಲು ಅಂದ ಕೂಡಲೇ ಕ್ಯಾಲೆಂಡರಿನ ರಾಮನ ಆ ಬಿಗಿ ಮುಷ್ಟಿ ಕಣ್ಣಿಗೆ ಬರುತ್ತದೆ. ಅದನ್ನು ಸಡಿಲಿಸಲು ನನಗೂ ತಿಂಗಳುಗಟ್ಟಲೆ ಹಿಡಿಯಿತು. ಹೆದೆ ಎಳೆದಾಗ ಬಿಲ್ಲು ತಾನೇ ಬಂದು ಅಂಗೈಗೆ ಒತ್ತಿಕೊಳ್ಳುತ್ತದೆ, ಬೀಳುವುದಿಲ್ಲ. ಆ ಒತ್ತಡ ಹೆಬ್ಬೆರಳಿನ ಬುಡದ ದಪ್ಪ ಭಾಗದ ಮೇಲೆ ಇರಲಿ. ಬೆರಳ ಗೆಣ್ಣುಗಳು ಓರೆಯಾಗಿರಲಿ. ಹೆಬ್ಬೆರಳು, ತೋರುಬೆರಳ ತುದಿ ಒಂದಕ್ಕೊಂದು ತಾಗಿದ್ದರೆ ಸಾಕು. ಮೊಣಕೈಯನ್ನು ಪೂರ್ತಿ ಸೆಟೆಸಬೇಡಿ.

ಎರಡನೆಯದು, ಬಾಣ ಬಿಟ್ಟಾಗ ಕೈಗೆ ಬರುವ ಹೊಡೆತ. ಎಳೆದ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿ ಪೂರ್ತಿ ಬಾಣಕ್ಕೆ ಹೋಗುವುದಿಲ್ಲ. ಮಿಕ್ಕಿದ್ದು ಬಿಲ್ಲನ್ನು ನಡುಗಿಸಿ ಕೈಗೆ ಇಳಿಯುತ್ತದೆ. ರಿಕರ್ವ್ ಬಿಲ್ಲಿನ ನಡುಭಾಗ ದಪ್ಪ, ಭಾರ. ಅದು ಈ ನಡುಕವನ್ನು ಬಹಳಷ್ಟು ನುಂಗುತ್ತದೆ. ಲಾಂಗ್‌ಬೋ ಹಗುರ, ಹಾಗಾಗಿ ಕೈಯೇ ನುಂಗಬೇಕು. ಮುಷ್ಟಿ ಬಿಗಿಯಾಗಿದ್ದಷ್ಟೂ ಅದು ನೇರ ಮೊಣಕೈಗೆ ಹೋಗುತ್ತದೆ.

ಬಾಣ ಹಗುರವಾಗಿದ್ದರೆ ಇದು ಇನ್ನೂ ಜಾಸ್ತಿ. ಮೊದಲ ಲಾಂಗ್‌ಬೋಗೆ ನಾನು ಹಳೆಯ ತೆಳು ಕಾರ್ಬನ್ ಬಾಣಗಳನ್ನೇ ಬಳಸಿದ್ದೆ. ಭಾರದ ಮರದ ಬಾಣಕ್ಕೆ ಬದಲಾಯಿಸಿದ ಸಂಜೆಯೇ ವ್ಯತ್ಯಾಸ ಗೊತ್ತಾಯಿತು. ಬಿಲ್ಲಿನ ಪ್ರತಿ ಪೌಂಡಿಗೆ ಬಾಣದ ತೂಕ 10 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಅಂತ ಲೆಕ್ಕ ಹಾಕಿ. 35 ಪೌಂಡಿಗೆ 350 ಗ್ರೇನ್, ಅಂದರೆ ಸುಮಾರು 23 ಗ್ರಾಂ. ಅದಕ್ಕಿಂತ ಸ್ವಲ್ಪ ಭಾರ ಇದ್ದರೂ ಸರಿ.

ಇನ್ನು ಆ 35ರ ವಿಷಯ. ಅದು ಬಿಲ್ಲಿನ ತೂಕವಲ್ಲ, ಹೆದೆಯನ್ನು 28 ಇಂಚು ಎಳೆದಾಗ ಕೈಗೆ ಬೀಳುವ ಭಾರ. ಉದ್ದ ಕೈಯವರು 30 ಇಂಚು ಎಳೆದರೆ ನಾಲ್ಕೈದು ಪೌಂಡ್ ಏರುತ್ತದೆ. ಹೆದೆ ಪೂರ್ತಿ ಎಳೆಯುವ ಕೊನೆಯಲ್ಲಿ ಕೆಲವು ಬಿಲ್ಲುಗಳು ಇದ್ದಕ್ಕಿದ್ದ ಹಾಗೆ ಬಿಗಿಯಾಗುತ್ತವೆ, ಗಿಡ್ಡ ಲಾಂಗ್‌ಬೋಗಳಲ್ಲಿ ಇದು ಹೆಚ್ಚು. ರಿಕರ್ವ್‌ನ ತುದಿ ಮುಂದಕ್ಕೆ ಬಾಗಿರುವುದರಿಂದ ಅಲ್ಲಿ ಎಳೆತ ನಯವಾಗಿರುತ್ತದೆ. 35 ಪೌಂಡ್ ಅಂದರೆ ಸುಮಾರು 16 ಕಿಲೋ. ಒಂದು ಸಂಜೆ 60 ಬಾಣ ಬಿಟ್ಟರೆ ಹತ್ತಿರ ಹತ್ತಿರ ಒಂದು ಟನ್ ಎಳೆದ ಹಾಗೆ. ಹೊಸಬರಿಗೆ 20ರಿಂದ 25 ಪೌಂಡ್ ಸಾಕು ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಕಡಿಮೆ ಪೌಂಡಿನ ಬಿಲ್ಲು ಹಿಡಿಯುವುದರಲ್ಲಿ ನಾಚಿಕೆ ಏನೂ ಇಲ್ಲ.

ಟರ್ಕಿ, ಮಂಗೋಲಿಯಾ ಕಡೆಯ ಕುದುರೆ ಸವಾರರ ಗಿಡ್ಡ ಬಿಲ್ಲು ಕೊಳ್ಳುವ ಆಸೆ ಇದ್ದರೆ ಒಂದು ಮಾತು. ಮೂರು ಬೆರಳಿನಲ್ಲಿ ಎಳೆದರೆ ಹೆದೆಯ ಚೂಪು ಕೋನದಲ್ಲಿ ಬೆರಳು ಹಿಸುಕಿದಂತಾಗುತ್ತದೆ. ಅದನ್ನು ಹೆಬ್ಬೆರಳಲ್ಲಿ ಎಳೆಯುವುದು ಅಲ್ಲಿನ ರೂಢಿ, ಅದನ್ನೇ ಕಲಿಯಿರಿ.

ಸದ್ಯಕ್ಕೆ ಬಾಣ ಬಿಡುವುದನ್ನು ಎರಡು ಮೂರು ವಾರ ನಿಲ್ಲಿಸಿ. ನೋವು ಮುಚ್ಚಿಕೊಂಡು ಅಭ್ಯಾಸ ಮಾಡಿದರೆ ವಾರದ ನೋವು ತಿಂಗಳುಗಳಿಗೆ ಹೋಗುತ್ತದೆ. ಬೆರಳು ಜುಮ್ ಅಂದರೆ, ರಾತ್ರಿ ನೋವಿಗೆ ಎಚ್ಚರವಾದರೆ ಡಾಕ್ಟರಿಗೆ ತೋರಿಸಿ. ಮತ್ತೆ ಶುರು ಮಾಡುವ ಮುಂಚೆ ಅಂಗೈ ಕೆಳಮುಖ ಮಾಡಿ, ನೀರು ತುಂಬಿದ ಚೊಂಬನ್ನು ಅಂಚು ಹಿಡಿದು ಎತ್ತಿ ನೋಡಿ. ಮೊಣಕೈ ಚುಳುಕ್ ಅಂದರೆ ಇನ್ನೊಂದು ವಾರ ಬಿಲ್ಲು ಗೋಡೆಯ ಮೇಲೇ ಇರಲಿ, ಹೆದೆ ಬಿಚ್ಚಿ.