ಬೈಕಿಗೆ ಕೋನ್ ಫಿಲ್ಟರ್ ಹಾಕಿಸಿದರೆ ಪಿಕಪ್ ಜಾಸ್ತಿಯಾಗುತ್ತದಾ?

ಪ್ರಶ್ನೆ: ನನ್ನದು 2018ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಕಾರ್ಬರೇಟರ್ ಗಾಡಿ. ದಿನಾ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕುಂಬಳೆಗೆ ಹೋಗಿ ಬರುತ್ತೇನೆ. ಇತ್ತೀಚೆಗೆ ಚಡಾವಿನಲ್ಲಿ ಎಳೆಯುವುದು ಕಡಿಮೆಯಾಗಿದೆ. ಕಂಪೆನಿಯ ಏರ್ ಬಾಕ್ಸ್ (ಏರ್ ಫಿಲ್ಟರ್ ಕೂರುವ ಡಬ್ಬಿ) ತೆಗೆದು ಡಬ್ಬಿ ಇಲ್ಲದ, ತೆರೆದ ಕೋನ್ ಫಿಲ್ಟರ್ ಹಾಕಿಸು, ಪಿಕಪ್ ಬರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹಾಕಿಸಬಹುದಾ? ಮಳೆಗಾಲದಲ್ಲಿ ತೊಂದರೆ ಉಂಟಾ?

ಉತ್ತರ: ನಿಮ್ಮ ಗಾಡಿಗೆ, ನೀವು ಓಡಾಡುವ ದಾರಿಗೆ ಅದು ಬೇಡ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮ ಎಂಜಿನ್ 346 ಸಿಸಿ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುತ್ತದೆ. 5000 ಆರ್‌ಪಿಎಂನಲ್ಲಿ ನಿಮಿಷಕ್ಕೆ 2500 ಸಲ. ಪ್ರತಿ ಸಲವೂ ಸಿಲಿಂಡರ್ ಪೂರ್ತಿ ತುಂಬಿದರೂ ನಿಮಿಷಕ್ಕೆ 865 ಲೀಟರ್ ಗಾಳಿ. ಅದಕ್ಕಿಂತ ಹೆಚ್ಚು ಎಳೆದುಕೊಳ್ಳುವ ಎಂಜಿನ್ ಇದಲ್ಲ. ಸಿಗುವುದು 20 ಎಚ್‌ಪಿಗೆ ಸ್ವಲ್ಪ ಕಡಿಮೆ. ಇಷ್ಟು ಗಾಳಿಗೆ ಕಂಪೆನಿಯ ಕಾಗದದ ಫಿಲ್ಟರ್ ಧಾರಾಳ ಸಾಕು, ಅದು ಕ್ಲೀನಾಗಿದ್ದರೆ. ಅಂದರೆ ಫಿಲ್ಟರನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಎಂಜಿನ್ ಹೆಚ್ಚು ಗಾಳಿ ಕುಡಿಯುವುದಿಲ್ಲ. ಕ್ಯಾಮ್, ವಾಲ್ವ್, ಕಾರ್ಬರೇಟರಿನ ಬಾಯಿ, ಸೈಲೆನ್ಸರ್ ಎಲ್ಲ ಹಳೆಯದೇ ಅಲ್ವಾ?

ಹಾಗಾದರೆ ಹಾಕಿಸಿದವರಿಗೆ ಪಿಕಪ್ ಬಂದಂತೆ ಅನಿಸುವುದು ಯಾಕೆ? ಶಬ್ದ. ಏರ್ ಬಾಕ್ಸ್ ಬರೀ ಡಬ್ಬಿ ಅಲ್ಲ. ಗಾಳಿ ಎಳೆಯುವಾಗ ಬರುವ ಗೊರಗೊರ ಸದ್ದನ್ನು ಅದು ಅಡಗಿಸುತ್ತದೆ. ಡಬ್ಬಿ ತೆಗೆದರೆ ಆ ಸದ್ದು ನೇರವಾಗಿ ಮೊಣಕಾಲಿನ ಹತ್ತಿರ ಕೇಳುತ್ತದೆ. ಗಾಡಿ ಹಾರಿದಂತೆ ಅನಿಸುತ್ತದೆ. ಜತೆಗೆ ಹಳೆಯ ಫಿಲ್ಟರ್ ಧೂಳು ತುಂಬಿ ಕಟ್ಟಿಹೋಗಿದ್ದರೆ, ಅದನ್ನು ತೆಗೆದು ಏನು ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಆ ಹೆಸರು ಕೋನ್ ಫಿಲ್ಟರಿಗೆ ಹೋಗುತ್ತದೆ, ಅಷ್ಟೇ.

ಇನ್ನು ಬಿಸಿಗಾಳಿಯ ವಿಷಯ. ತೆರೆದ ಕೋನ್ ಕೂರುವುದು ಎಂಜಿನ್ ಹಿಂದೆ. ಹೊರಗೆ 30 ಡಿಗ್ರಿ ಇದ್ದು, ಎಂಜಿನ್ ಪಕ್ಕದ ಗಾಳಿ 60 ಡಿಗ್ರಿ ಆದರೆ, ಆ ಗಾಳಿ ಸುಮಾರು ಶೇಕಡಾ 9ರಷ್ಟು ತೆಳುವಾಗಿರುತ್ತದೆ. ಉರಿಯಲು ಬೇಕಾದ ಆಮ್ಲಜನಕವೂ ಅಷ್ಟೇ ಕಡಿಮೆ. ಸೀತಾಂಗೋಳಿಯ ಚಡಾವನ್ನು ಎರಡನೇ ಗೇರಿನಲ್ಲಿ ಹತ್ತುವಾಗ, ಗಾಡಿಗೆ ಎದುರುಗಾಳಿಯೇ ಇಲ್ಲದಾಗ, ಆಗುವುದು ಇದೇ.

ಕಾರ್ಬರೇಟರಿಗೆ ಇನ್ನೊಂದು ತಾಪತ್ರಯ. ನಿಮ್ಮದು ವ್ಯಾಕ್ಯೂಮ್ ಟೈಪ್. ಒಳಗೆ ಗಾಳಿಯ ದಾರಿ ತೆರೆಯುವ ಸ್ಲೈಡನ್ನು ಮೇಲೆತ್ತುವುದು ಆಕ್ಸಿಲರೇಟರ್ ಕೇಬಲ್ ಅಲ್ಲ, ಗಾಳಿಯ ಒತ್ತಡದ ವ್ಯತ್ಯಾಸ. ಏರ್ ಬಾಕ್ಸ್ ಆ ಗಾಳಿಯನ್ನು ಒಂದೇ ಹದದಲ್ಲಿ ಇಡುತ್ತದೆ. ಅದನ್ನು ಕಿತ್ತರೆ ಸ್ಲೈಡ್ ಅಲುಗಾಡುತ್ತದೆ, ಮಧ್ಯದ ಆರ್‌ಪಿಎಂನಲ್ಲಿ ಗಾಡಿ ಮುಗ್ಗರಿಸುತ್ತದೆ. ಮಿಕ್ಸ್ಚರ್, ಅಂದರೆ ಗಾಳಿ ಪೆಟ್ರೋಲಿನ ಮಿಶ್ರಣ, ಕೂಡ ಕೆಡುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಡಬ್ಬಿಯ ತಡೆ ಇಲ್ಲದೆ ಕಾರ್ಬರೇಟರಿನಲ್ಲಿ ಪೆಟ್ರೋಲ್ ಎಳೆಯುವ ಸೆಳೆತ ಕಡಿಮೆಯಾಗುತ್ತದೆ, ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತಿನ ತುಂಡು) ಹಳೆಯದೇ ಇದ್ದರೆ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಸಾಲದಾಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಎನ್ನುವುದು, ಎಂಜಿನ್ ಅತಿಯಾಗಿ ಕಾಯುವುದು, ಪ್ಲಗ್ ಬೆಳ್ಳಗಾಗುವುದು, ಇವೆಲ್ಲ ಅದರ ಗುರುತು. ಪಟ್ ಪಟ್ ಸದ್ದು ಕೇಳಿ ಖುಷಿಪಡುವ ಹುಡುಗರೂ ಇದ್ದಾರೆ, ಏನು ಮಾಡುವುದು ಮಾರಾಯ್ರೆ!

ನಿಮ್ಮ ಕಡೆಯ ಧೂಳಿನ ಬಗ್ಗೆ ಹೇಳಲೇಬೇಕು. ಡಿಸೆಂಬರಿನಿಂದ ಮೇವರೆಗೆ ಮುರಕಲ್ಲಿನ ಧೂಳು. ಕಲ್ಲುಕೋರೆಯ ಲಾರಿಗಳು, ಗುಡ್ಡ ಅಗೆದ ಕೆಂಪು ಮಣ್ಣು, ಕುಂಬಳೆಗೆ ಇಳಿದರೆ ಹೆದ್ದಾರಿ. ಈ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳೂ ಇರುತ್ತವೆ. ಅವು ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಒಳ್ಳೆಯ ಫಿಲ್ಟರ್ ಧೂಳು ಹಿಡಿಯುತ್ತದೆ, ಆದರೆ ಎಣ್ಣೆ ಸರಿಯಾಗಿ ಇರುವವರೆಗೆ ಮಾತ್ರ. ರಸ್ತೆ ಬದಿಯಲ್ಲಿ ಸಿಗುವ ಅಗ್ಗದ ಕೋನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ, ಆಚೆಗಿನದು ಕಾಣುತ್ತದೆ. ಅಂಥದ್ದು ಹಾಕಿದರೆ ರಿಂಗು ಸವೆದು ಗಾಡಿ ಆಯಿಲ್ ತಿನ್ನಲು ಶುರುಮಾಡುತ್ತದೆ. ಆಮೇಲೆ ಬೋರ್ ಕೆಲಸದ ಖರ್ಚು ಬೇರೆ.

ಮಳೆಗೆ ಬರೋಣ. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಸುರಿಯುವ ಜಿಲ್ಲೆ ನಿಮ್ಮದು. ತೆರೆದ ಫಿಲ್ಟರಿಗೆ ಚಕ್ರದ ನೀರು ಸೀದಾ ಹೊಡೆಯುತ್ತದೆ. ಫಿಲ್ಟರ್ ಒದ್ದೆಯಾದರೆ ಗಾಳಿ ಕಟ್ಟಿ ಮಿಸ್ಸಿಂಗ್ ಶುರು. ಮೇಲೆ ಹಾಕುವ ಬಟ್ಟೆಯ ಕವರ್ ಸಿಗುತ್ತದೆ, ಅದು ಸಿಡಿಯುವ ನೀರಿಗೆ ಸರಿ. ತೋಡು ಉಕ್ಕಿ ರಸ್ತೆಗೆ ಬಂದಾಗ ಅದರಿಂದ ಏನೂ ಆಗುವುದಿಲ್ಲ. ನೀರು ಸಿಲಿಂಡರಿಗೆ ಹೋದರೆ ಕತೆ ಮುಗಿಯಿತು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹಾಗೆ ನೀರಿನಲ್ಲಿ ನಿಂತ ಗಾಡಿಯನ್ನು ಮಾತ್ರ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಕಾನೂನು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಆಲ್ಟ್ರೇಷನ್ ಬಗ್ಗೆ ಇದೆ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅದೇ ವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಬಿಗಿಯಾದ ತೀರ್ಪು ಕೊಟ್ಟದ್ದು ಕೇರಳದ ಪ್ರಕರಣದಲ್ಲೇ. ಡಬ್ಬಿಯೊಳಗಿನ ಫಿಲ್ಟರ್ ಬದಲಿಸುವುದು ಸರ್ವಿಸ್ ಕೆಲಸ, ಅದಕ್ಕೆ ಯಾರೂ ಕೇಳುವುದಿಲ್ಲ. ಡಬ್ಬಿ ಕಿತ್ತು ಸೈಡ್ ಕವರ್ ಕತ್ತರಿಸಿದರೆ ತಪಾಸಣೆಯಲ್ಲಿ ಎದ್ದು ಕಾಣುತ್ತದೆ. ರಾಜ್ಯದ ಗಡಿ ತಲಪಾಡಿ ದಾಟಿ ಮಂಗಳೂರಿಗೆ ಹೋದರೂ ಕಾಯ್ದೆ ಅದೇ.

ಇಷ್ಟು ಹೇಳಿದ ಮೇಲೂ ಆಸೆ ಹೋಗದಿದ್ದರೆ, ಏರ್ ಬಾಕ್ಸ್ ಹಾಗೇ ಬಿಟ್ಟು ಅದರೊಳಗೆ ಕೂರುವ, ತೊಳೆದು ಬಳಸುವ ಫಿಲ್ಟರ್ ಹಾಕಿ. ಅಂಚಿನ ರಬ್ಬರ್ ಸುತ್ತಲೂ ಸರಿಯಾಗಿ ಕೂರಬೇಕು. ತೊಳೆಯಲು ಪೆಟ್ರೋಲ್ ಬೇಡ, ಹಚ್ಚಲು ಎಂಜಿನ್ ಆಯಿಲ್ ಬೇಡ, ಅದಕ್ಕೇ ಇರುವ ಕ್ಲೀನರ್ ಮತ್ತು ಎಣ್ಣೆ ತನ್ನಿ. ನೆರಳಿನಲ್ಲಿ ಪೂರ್ತಿ ಒಣಗಬೇಕು. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದೊಂದು ದೊಡ್ಡ ಕೆಲಸವೇ, ಹಾಗಾಗಿ ಮೇ ತಿಂಗಳಲ್ಲೇ ತೊಳೆದಿಡಿ.

ಕೋನ್ ಹಾಕಿಯೇ ಸಿದ್ಧ ಎಂದಾದರೆ ಜೆಟ್ ಬದಲಿಸಬಲ್ಲ ಮೆಕ್ಯಾನಿಕ್ ಹತ್ತಿರ ಹೋಗಿ. ಫಿಲ್ಟರಿನ ಬಾಯಿ ಕಾರ್ಬರೇಟರಿಗೆ ಸರಿಯಾದ ಅಳತೆಯದ್ದೇ ಇರಬೇಕು, ಟೇಪು ಸುತ್ತಿ ಬಿಗಿಮಾಡುವುದಲ್ಲ. ಎಂಜಿನ್ನಿನಿಂದ ಏರ್ ಬಾಕ್ಸಿಗೆ ಬರುವ ಬ್ರೀದರ್ ಪೈಪನ್ನು ಮುಚ್ಚಬೇಡಿ, ಮುಚ್ಚಿದರೆ ಒತ್ತಡ ಹೆಚ್ಚಿ ಸೀಲುಗಳಿಂದ ಆಯಿಲ್ ಒಸರುತ್ತದೆ. ಅದರ ತುದಿಗೆ ಸಣ್ಣ ಫಿಲ್ಟರ್ ಬೇಕು. ಮೇನ್ ಜೆಟ್ ಒಂದೊಂದೇ ಸೈಜ್ ಏರಿಸಿ, ಓಡಿಸಿ, ಪ್ಲಗ್ ನೋಡಬೇಕು. ತೆಳು ಕಂದು ಬಣ್ಣ ಬಂದರೆ ಸರಿ, ಕಪ್ಪು ಮಸಿ ಹಿಡಿದರೆ ಪೆಟ್ರೋಲ್ ಜಾಸ್ತಿ. ಕಳಚಿದ ಏರ್ ಬಾಕ್ಸನ್ನು ಗುಜರಿಗೆ ಕೊಡಬೇಡಿ. 2020ರ ಏಪ್ರಿಲ್ ನಂತರದ ಬಿಎಸ್6 ಇಂಜೆಕ್ಷನ್ ಗಾಡಿ ಇರುವವರಿಗೆ ಜೆಟ್ ಇಲ್ಲ. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸ್ವಲ್ಪ ಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ, ಫುಲ್ ಥ್ರಾಟಲ್‌ನಲ್ಲಿ ಒಳಗೆ ಬರೆದಿಟ್ಟ ಲೆಕ್ಕದಂತೆಯೇ ನಡೆಯುತ್ತದೆ.

ಈಗ ನಿಮ್ಮ ನಿಜವಾದ ಸಮಸ್ಯೆ. ಮೊದಲು ಎಳೆಯುತ್ತಿದ್ದ ಗಾಡಿ ಈಗ ಎಳೆಯುವುದಿಲ್ಲ ಎಂದರೆ ಏನೋ ಕೆಟ್ಟಿದೆ. ಮೊದಲು ಕಂಪೆನಿಯದ್ದೇ ಹೊಸ ಫಿಲ್ಟರ್ ಹಾಕಿ. ಆಮೇಲೆ ಪ್ಲಗ್ ನೋಡಿ. ಈ ಎಂಜಿನ್ನಿಗೆ ಎರಡು ಪ್ಲಗ್ ಉಂಟು. ಒಂದು ಸತ್ತರೂ ಗಾಡಿ ಓಡುತ್ತದೆ, ಚಡಾವಿನಲ್ಲಿ ಮಾತ್ರ ಸುಸ್ತಾಗುತ್ತದೆ. ಅನೇಕರು ಒಂದನ್ನೇ ಬದಲಿಸಿ ಸುಮ್ನಾಗುತ್ತಾರೆ. ಬಳಿಕ ಕಾರ್ಬರೇಟರಿನ ಮೇಲ್ಮುಚ್ಚಳ ಬಿಚ್ಚಿಸಿ ರಬ್ಬರ್ ಡಯಾಫ್ರಮ್ಮನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿದ್ದರೂ ಸ್ಲೈಡ್ ಪೂರ್ತಿ ಏಳುವುದಿಲ್ಲ. ಚಡಾವಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಕೇಬಲ್‌ನ ಪ್ಲೇ ನೋಡಿಸಿ. ಹಿಂದಿನ ಬ್ರೇಕ್ ಹಿಡಿದುಕೊಂಡಿದೆಯೋ ಎಂದು ಚಕ್ರ ತಿರುಗಿಸಿ ನೋಡಿ. ಈ ಎಂಜಿನ್ನಿನ ಟ್ಯಾಪೆಟ್ ಹೈಡ್ರಾಲಿಕ್, ಆಯಿಲ್ ಒತ್ತಡದಿಂದ ತಾನೇ ಸರಿಹೊಂದುತ್ತದೆ, ಆದ್ದರಿಂದ ಟ್ಯಾಪೆಟ್ ಟೈಟ್ ಮಾಡಿಸುವ ಪ್ರಶ್ನೆ ಇಲ್ಲ. ಇವೆಲ್ಲ ಸರಿ ಇದ್ದೂ ಎಳೆಯದಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಕಡಿಮೆ ಬಂದರೆ ಹೆಡ್ ಬಿಚ್ಚಿ ವಾಲ್ವ್, ರಿಂಗು ನೋಡಬೇಕಾಗುತ್ತದೆ.