ಪಕ್ಕದ ಖಾಲಿ ಸೈಟಿನಲ್ಲಿ ಸೊಪ್ಪು ಹಾಕುವ ಮುಂಚೆ

ಬೆಂಗಳೂರಿನ ಬಡಾವಣೆಗಳಲ್ಲಿ ಖಾಲಿ ಸೈಟು ಅಂದ್ರೆ ಕಸ, ಪಾರ್ಥೇನಿಯಂ, ಯಾರೋ ಮನೆ ಒಡೆದು ಸುರಿದ ಇಟ್ಟಿಗೆ ಚೂರು. ಅದನ್ನು ಶುಚಿ ಮಾಡಿ ದಂಟು, ಮೆಂತ್ಯ ಹಾಕೋಣ ಅಂತ ಪಕ್ಕದ ಮನೆಯವರಿಗೆ ಅನ್ನಿಸುತ್ತೆ. ಮಾಲೀಕರಿಗೆ ಇರುವುದು ಒಂದೇ ಭಯ: ‘12 ವರ್ಷ ಆದ್ರೆ ಜಾಗ ಅವರದ್ದೇ ಆಗಿಬಿಡುತ್ತಂತೆ!’ ನಮ್ಮ ವಕೀಲಿಕೆಯಲ್ಲಿ ನೋಡುವ ಇಂಥ ತಕರಾರುಗಳಿಗೆ ಹೆಚ್ಚಾಗಿ ಇದೇ ಮೂಲ.

ಅದು ಅರ್ಧ ನಿಜ. 1963ರ ಲಿಮಿಟೇಶನ್ ಕಾಯ್ದೆಯ ಪ್ರಕಾರ, ಮಾಲೀಕರ ಹಕ್ಕನ್ನು ಒಪ್ಪದೆ, ರಾಜಾರೋಷವಾಗಿ 12 ವರ್ಷ ಖಾಸಗಿ ಜಾಗದ ಅನುಭವದಲ್ಲಿದ್ದವರಿಗೆ ಮಾತ್ರ ‘ಜಾಗ ನಮ್ಮದು’ ಎಂಬ ವಾದ ಸಿಗುತ್ತದೆ. ಅನುಮತಿ ಪಡೆದು ಒಳಗೆ ಬಂದವರಿಗೆ ಎಷ್ಟು ವರ್ಷವಾದರೂ ಆ ಲೆಕ್ಕ ಶುರುವಾಗುವುದಿಲ್ಲ.

ಹಾಗಾಗಿ ಒಂದು ಪುಟದ ಅನುಮತಿ ಪತ್ರ ಬರೆಸಿಕೊಳ್ಳಿ. ಸೈಟ್ ನಂಬರ್, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ‘ತರಕಾರಿ ಬೆಳೆಯಲು ಮಾತ್ರ, ಸ್ವಾಧೀನ ಮಾಲೀಕರದ್ದೇ’ ಎಂಬ ಮಾತು, ಇಬ್ಬರ ಸಹಿ, ತಾರೀಖು. ಗೇಟಿಗೆ ನೀವೇ ಬೀಗ ಹಾಕುವುದಾದರೆ ಇನ್ನೊಂದು ಕೀ ಮಾಲೀಕರಿಗೆ ಕೊಡಿ. ಅರ್ಧ ಜಗಳ ಈ ಬೀಗದಿಂದಲೇ ಹುಟ್ಟುತ್ತೆ. ಬಾಡಿಗೆ ಅಂತ ದುಡ್ಡು ಬೇಡ, ಗುತ್ತಿಗೆಯ ವಾದಕ್ಕೆ ಅದೇ ದಾರಿ. ಆಗಾಗ ಎರಡು ಕಟ್ಟು ಸೊಪ್ಪು ಕಳಿಸಿದರೆ ಸಾಕಲ್ವಾ?

ಬೋರ್‌ವೆಲ್, ಕಾಂಪೌಂಡು, ಸಿಮೆಂಟ್ ತೊಟ್ಟಿ ಯಾವುದೂ ಬೇಡ. ಅನುಮತಿ ನಂಬಿ ಶಾಶ್ವತ ಕೆಲಸಕ್ಕೆ ಖರ್ಚು ಮಾಡಿದವರ ಅನುಮತಿಯನ್ನು ಸುಲಭವಾಗಿ ವಾಪಸ್ ಪಡೆಯಲಾಗದು ಎನ್ನುತ್ತದೆ 1882ರ ಈಸ್‌ಮೆಂಟ್ಸ್ ಕಾಯ್ದೆಯ 60ನೇ ಸೆಕ್ಷನ್. ಮಾಲೀಕರು ನಿಜವಾಗಿ ಹೆದರಬೇಕಾದ್ದು ಇದಕ್ಕೆ.

ಮರವಂತೂ ನೆಡಲೇಬೇಡಿ. ಮರ ಬೆಳೆದ ಮೇಲೆ ಮನೆ ಕಟ್ಟಲು ಬಂದ ಮಾಲೀಕರು, 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಯ ಮರ ಕಡಿಯುವುದಕ್ಕೆ ಮರ ಅಧಿಕಾರಿಯ ಅನುಮತಿಗೆ ಅಲೆಯಬೇಕು. ನೀವು ಪ್ರೀತಿಯಿಂದ ನೆಟ್ಟಿದ್ದು ಅವರಿಗೆ ತಲೆನೋವು. ಪಾರ್ಕು, ರಾಜಕಾಲುವೆ ಪಕ್ಕದ ಸರ್ಕಾರಿ ಜಾಗಕ್ಕೆ ಮೇಲಿನ ಯಾವ ಮಾತೂ ಸಲ್ಲದು. ಸಂಬಂಧಪಟ್ಟ ಕಚೇರಿಯ ಲಿಖಿತ ಒಪ್ಪಿಗೆ ಇಲ್ಲದೆ ಗುದ್ದಲಿ ಹಾಕಬೇಡಿ.

ಸೈಟು ಮಾರಾಟವಾದರೆ ಹೊಸ ಮಾಲೀಕರು ನಿಮ್ಮ ಪತ್ರಕ್ಕೆ ಬದ್ಧರಲ್ಲ. ಹಳೆಯ ಮಾಲೀಕರೇ ‘ಜಾಗ ಬಿಡಿ’ ಅಂದಾಗ ಎಷ್ಟು ದಿನ ಸಮಯ ಅನ್ನುವುದನ್ನು ಮಾತ್ರ ಮೊದಲೇ ಬರೆಸಿ. ಮೆಂತ್ಯ, ದಂಟಿಗೆ ಒಂದು ತಿಂಗಳು ಸಾಕು. ಅವರೆ ಹಾಕುವವರು ಮೂರು ತಿಂಗಳು ಕೇಳಿ.