ಫೈಟೇಸ್: ಮೀನಿನ ಮೇವಿನಲ್ಲಿ ಇದಕ್ಕೇನು ಕೆಲಸ?

ಮೀನಿನ ಮೇವಿನ ಚೀಲ ತಿರುಗಿಸಿ ನೋಡಿದರೆ ಕೆಲವದರ ಮೇಲೆ ಸಣ್ಣ ಅಕ್ಷರದಲ್ಲಿ ‘ಫೈಟೇಸ್’ ಅಂತ ಇರುತ್ತದೆ, ಪಕ್ಕದಲ್ಲಿ ಎಫ್‌ಟಿಯು ಅನ್ನುವ ಲೆಕ್ಕ, ಅಂದರೆ ಅದರ ತಾಕತ್ತಿನ ಅಳತೆ. ಏನೋ ಔಷಧಿ ಇರಬೇಕು ಅನ್ನಿಸುತ್ತದೆ, ಅಲ್ವಾ? ಅಲ್ಲ. ವಿಟಮಿನ್ ಕೂಡ ಅಲ್ಲ. ಇದೊಂದು ಕಿಣ್ವ, ಅಂದರೆ ಎಂಜೈಮ್. ಫೈಟೇಟ್ ಅನ್ನುವ ವಸ್ತುವನ್ನು ಒಡೆಯುವುದಷ್ಟೇ ಇದರ ಕೆಲಸ.

ಫೈಟೇಟ್ ಅಂದರೆ ಬೀಜದ ಇಡುಗಂಟು. ಮುಂದೆ ಸಸಿಗೆ ಬೇಕಾಗುವ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಗಿಡ ಫಾಸ್ಫೇಟ್ ರೂಪದಲ್ಲಿ ಹೀಗೆ ಕಟ್ಟಿಡುತ್ತದೆ: ಒಂದು ಉಂಗುರ, ಅದಕ್ಕೆ ಅಂಟಿಕೊಂಡ ಆರು ಫಾಸ್ಫೇಟ್. ಬೀಜ ಮೊಳಕೆಯೊಡೆಯುವಾಗ ಅದರೊಳಗಿನ ಫೈಟೇಸೇ ಎದ್ದು ಆ ಗಂಟನ್ನು ಒಂದೊಂದಾಗಿ ಬಿಚ್ಚುತ್ತದೆ. 1907ರಲ್ಲಿ ಫೈಟೇಸನ್ನು ಮೊದಲು ಗುರುತಿಸಿದ್ದು ಅಕ್ಕಿ ತೌಡಿನಲ್ಲಿ.

ಮೀನಿಗೂ ಇದಕ್ಕೂ ಏನು ಸಂಬಂಧ ಅಂದರೆ, ಮೊದಲು ಸಾಕಿದ ಮೀನಿಗೆ ಹಾಕುತ್ತಿದ್ದದ್ದು ಹೆಚ್ಚಾಗಿ ಮೀನುಪುಡಿ, ಅಂದರೆ ಸಮುದ್ರದ ಸಣ್ಣ ಮೀನು ಹಿಡಿದು ಬೇಯಿಸಿ, ಒಣಗಿಸಿ ಮಾಡಿದ್ದು. ಅದು ದುಬಾರಿ, ಬೇಕಾದಷ್ಟು ಸಿಗುವುದೂ ಇಲ್ಲ. ಹಾಗಾಗಿ ಸೋಯಾ ಹಿಂಡಿ, ಹತ್ತಿಬೀಜದ ಹಿಂಡಿ, ತೌಡು ಎಲ್ಲ ಮೇವಿಗೆ ಬಂದವು. ಪ್ರೋಟೀನ್ ಬಂತು, ಜೊತೆಗೆ ಬೀಗ ಹಾಕಿದ ರಂಜಕವೂ ಬಂತು. ಹಿಂಡಿಯ ರಂಜಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಲ್ಲೇ ಇರುತ್ತದೆ, ಅದನ್ನು ಬಿಚ್ಚುವ ಕಿಣ್ವ ಮೀನಿನ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಕ್ಯಾಲ್ಸಿಯಂ ಆದರೆ ಮೀನು ಕಿವಿರಿನ ಮೂಲಕ ನೀರಿನಿಂದಲೇ ಎಳೆದುಕೊಳ್ಳುತ್ತದೆ. ರಂಜಕ ಮಾತ್ರ ಮೇವಿನಿಂದಲೇ ಬರಬೇಕು. ಸಾಲದಿದ್ದರೆ ಬೆಳವಣಿಗೆ ಕುಂಠಿತ, ಬೆನ್ನುಮೂಳೆ ಸೊಟ್ಟ. ಫೈಟೇಟ್ ಸತುವನ್ನೂ ಹಿಡಿದುಕೊಳ್ಳುತ್ತದೆ. ಸತು ಕಡಿಮೆಯಾದ ಟ್ರೌಟ್ ಮೀನಿಗೆ ಕಣ್ಣಿನ ಪೊರೆ ಬರುವುದೂ ಉಂಟು. ಇನ್ನು ಜೀರ್ಣವಾಗದ ರಂಜಕ ಎಲ್ಲಿಗೆ ಹೋಗುತ್ತದೆ? ಮೀನಿನ ಮಲದ ಜೊತೆ ನೀರಿಗೆ. ಪಾಚಿಗೆ ಅದೇ ಗೊಬ್ಬರ. ಕೊಳ ಹಸಿರು ಬಣ್ಣಕ್ಕೆ ತಿರುಗುತ್ತದೆ, ರಾತ್ರಿ ಪಾಚಿ ಉಸಿರಾಡಿ ಆಮ್ಲಜನಕ ಖಾಲಿ ಮಾಡುತ್ತದೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ದುಡ್ಡು ಕೊಟ್ಟು ತಂದ ರಂಜಕ ಇದು!

ಸರಿ, ಫೈಟೇಸ್ ಬೆರೆಸಿದರೆ ಆಯ್ತಲ್ಲ ಅಂದರೆ ಅಷ್ಟು ಸಲೀಸಲ್ಲ. ಕಿಣ್ವವೂ ಒಂದು ಪ್ರೋಟೀನೇ, ಬಿಸಿಗೆ ಕೆಡುತ್ತದೆ. ಮೇವಿನ ತೇಲುವ ಗುಳಿಗೆಯನ್ನು ಮಾಡುವ ಯಂತ್ರದಲ್ಲಿ ಬಿಸಿ 100 ಡಿಗ್ರಿ ದಾಟುತ್ತದೆ. ಅದಕ್ಕೇ ಗುಳಿಗೆ ಹೊರಬಂದು ಆರಿದ ಮೇಲೆ ದ್ರವ ರೂಪದ ಫೈಟೇಸ್ ಸಿಂಪಡಿಸಿ, ಮೇಲೊಂದು ಪದರ ಎಣ್ಣೆ ಬಳಿಯುತ್ತಾರೆ. ಇಲ್ಲದಿದ್ದರೆ ನೀರಿಗೆ ಬಿದ್ದ ಕೂಡಲೇ ತೊಳೆದು ಹೋಗುತ್ತದೆ.

ನನಗೆ ಮುಖ್ಯ ಅನ್ನಿಸುವುದು ಚೀಲದ ಮೇಲಿನ ಆ ಎಫ್‌ಟಿಯು ಲೆಕ್ಕ. ಜಾಸ್ತಿ ಇದ್ದರೆ ಒಳ್ಳೆಯದು ಅಂತ ಸುಮ್ನೆ ನಂಬಬೇಡಿ. ಒಂದು ಎಫ್‌ಟಿಯು ಅಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ (ತೀರಾ ಸಣ್ಣ ಅಳತೆ) ಫಾಸ್ಫೇಟ್ ಬಿಡಿಸುವ ತಾಕತ್ತು, ಆದರೆ ಅದನ್ನು ಅಳೆಯುವುದು ಪ್ರಯೋಗಾಲಯದಲ್ಲಿ, 37 ಡಿಗ್ರಿ ಬಿಸಿಯಲ್ಲಿ, ತುಸು ಹುಳಿಯಾದ ದ್ರಾವಣದಲ್ಲಿ. ಮೀನಿನ ಮೈ ಬಿಸಿ ಹೆಚ್ಚುಕಡಿಮೆ ನೀರಿನಷ್ಟೇ. ತಣ್ಣನೆಯ ನೀರಿನಲ್ಲಿ ಕಿಣ್ವ ನಿಧಾನ. ತಿಲಾಪಿಯಾ ಮೀನಿನ ಹೊಟ್ಟೆಯೊಳಗೆ ಹುಳಿ ಬಹಳ, ಅಲ್ಲಿ ಹುಳಿ ತಡೆಯುವ ಫೈಟೇಸ್ ಚೆನ್ನಾಗಿ ದುಡಿಯುತ್ತದೆ. ಗೆಂಡೆ ಜಾತಿಯ ಮೀನುಗಳಿಗೋ ಹೊಟ್ಟೆಯ ಚೀಲವೇ ಇಲ್ಲ, ಬರೀ ಕರುಳು, ಹುಳಿಯೂ ಇಲ್ಲ. ಅಂಥ ಮೀನಿಗಾದರೆ ಮೇವಿಗೆ ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸುವುದುಂಟು, ಇಲ್ಲವೇ ಹಿಂಡಿಯನ್ನೇ ಮೊದಲು ಬೆಚ್ಚಗಿನ ನೀರು ಮತ್ತು ಫೈಟೇಸ್ ಜೊತೆ ಕೆಲ ಗಂಟೆ ನೆನೆಸಿಟ್ಟು, ಬೀಗ ತೆಗೆದ ಮೇಲೆಯೇ ಮೇವು ಮಾಡುವುದು.